ರೇಡಿಯೋಗೂ ಬುದ್ಧಿ ಹೇಳುತ್ತಿದ್ದವರು

ಎಂಬತ್ತರ ದಶಕದಲ್ಲಿ ಕ್ಯುಪರ್ಟಿನೋದಿಂದ ಸ್ಯಾನ್ ಹೊಸೆಯ ಆಫೀಸಿಗೆ ನಾನು ಸಹೋದ್ಯೋಗಿಯೊಬ್ಬರ ಕಾರಿನಲ್ಲಿ ಹೋಗಿಬರುತ್ತಿದ್ದೆ. ಮೈಸೂರಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡಿ ಬಂದವರು. ಅವರ ಜೊತೆ ನೆಮ್ಮದಿಯಾಗಿ ಒಂದು ಬೇಸ್‌ಬಾಲ್ ಪಂದ್ಯ ಕೇಳುವಂತಿರಲಿಲ್ಲ. ‘ಕೊನೇ ಗಳಿಗೆಯಲ್ಲಿ ಇವನನ್ನು ನಂಬಬಹುದು’ ಎಂದು ಕಾಮೆಂಟೇಟರ್ ಯಾರನ್ನಾದರೂ ಹೊಗಳಿದನೋ, ಮುಗಿಯಿತು. ಸ್ಟಿಯರಿಂಗಿನಿಂದ ಒಂದು ಕೈ ಎತ್ತಿ ರೇಡಿಯೋಗೇ ಬುದ್ಧಿ ಹೇಳುವರು. “ನಾಕು ಸಲ ಹೊಡೆದ ಅಂತ ಹೀರೋ ಆಗ್ಬಿಟ್ನಾ? ಎಲ್ಲಾ ಲಕ್ಕು ಕಣಯ್ಯಾ!”

ಒಂದು ವರ್ಷ ಆಫೀಸಿನ ಪಿಕ್ನಿಕ್ಕಿನಲ್ಲಿ ನಡೆದ, ಬೇಸ್‌ಬಾಲಿನಂಥದೇ ಸಾಫ್ಟ್‌ಬಾಲ್ ಪಂದ್ಯವನ್ನು ನನ್ನ ಕೊನೆಯ ಹೊಡೆತವೇ ಗೆಲ್ಲಿಸಿತು. ಮ್ಯಾನೇಜರನೇ ಬಂದು ಬೆನ್ನು ತಟ್ಟಿದ. ಇವರು ಮಾತ್ರ ಫ್ರೀವೇ ಉದ್ದಕ್ಕೂ, “ಲಕ್ಕು ಕಣ್ರೀ, ಸುಮ್ನೆ ಉಬ್ಬಿ ಹೋಗ್ಬೇಡಿ” ಎಂದು ನನ್ನ ಖುಷಿಯನ್ನು ತಿಕ್ಕಿ ತಿಕ್ಕಿ ತೊಳೆದರು.

ಮರುವರ್ಷವೂ ಕೊನೆಯ ಸರದಿ ನನ್ನದೇ ಆಯಿತು. ನಾನು ಹೊಡೆದ ಚೆಂಡು ನೇರ ಎದುರು ತಂಡದವನೊಬ್ಬನ ಕಡೆಗೆ ಉರುಳಿತು. ನನ್ನದು ಊರಿನ ಕ್ರಿಕೆಟ್ಟಿನ ಅಭ್ಯಾಸ. ರನ್ ಇಲ್ಲವೆಂದು ಬ್ಯಾಟು ಊರಿಕೊಂಡು ನಿಂತೆ. ಈ ಆಟದಲ್ಲಿ ಹೊಡೆದ ಮೇಲೆ ಓಡಲೇಬೇಕು. “ಓಡ್ರೀ, ಓಡ್ರೀ!” ಎಂದು ಇವರು ಗಂಟಲು ಹರಿದುಕೊಂಡರು. ಅವನು ಚೆಂಡನ್ನು ಕೈಚೆಲ್ಲಿ, ಹುಡುಕಿ, ಎತ್ತಿ ಎಸೆಯುವವರೆಗೂ ನಾನು ಅಲ್ಲೇ ಇದ್ದೆ. ನಾನು ಔಟು, ನಾವು ಸೋತೆವು.

ವಾಪಸು ಬರುವಾಗ ಇವರು ಎಂದಿನಂತೆ ರೇಡಿಯೋಗೆ ಬುದ್ಧಿ ಹೇಳುತ್ತಾ ಕಾರು ಓಡಿಸಿದರು. ಕೊನೆಗೆ ತಡೆಯಲಾರದೆ ನಾನೇ ಕೇಳಿದೆ, “ಇದೂ ಲಕ್ಕೇ ತಾನೇ?”

ಅವರು ರೇಡಿಯೋ ಆಫ್ ಮಾಡಿದರು.

“ಛೆ, ಪಾಪ, ಲಕ್ಕು ಏನ್ರೀ ಮಾಡ್ತು? ಇದು ಪೂರ್ತಿ ನಿಮ್ಮದೇ.”