ಹಾಡಿಲ್ಲದೆ ಬಂದ ಆಟೋ

ನೀವು ನಂಬುವುದಿಲ್ಲ ಬಿಡಿ. ನಮ್ಮಪ್ಪ ಒಂದೇ ಒಂದು ನಲ್ಲಿ ಮುಟ್ಟದೆ ಇಡೀ ಓಣಿಯನ್ನು ನೀರಿಲ್ಲದೆ ಒಣಗಿಸಿದ್ದ. ಇವತ್ತು ಬೆಳಿಗ್ಗೆ ನಮ್ಮ ಪ್ಲಾಸ್ಟಿಕ್ ಸಾಮಾನಿನ ಅಂಗಡಿಗೆ ಹೊಸ ಡ್ರಮ್ಮುಗಳು ಬಂದವು. ಕಟ್ಟು ಬಿಚ್ಚಿದ ಕೂಡಲೇ ಹಸಿ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿಯಿತು, ಮೈಕ್ ಚಾಚಾ ನೆನಪಾದರು...

ಚಾಚಾ ನಮ್ಮ ಹಿತ್ತಲಿನಲ್ಲಿದ್ದ ನಮ್ಮದೇ ಸಣ್ಣ ಮನೆಯಲ್ಲಿ ಬಾಡಿಗೆಗಿದ್ದರು. ಆಟೋ ತಲೆಯ ಮೇಲೆ ಎರಡು ಹಾರ್ನು ಕಟ್ಟಿಕೊಂಡು ದಾವಣಗೆರೆ ತುಂಬ ಪ್ರಚಾರ ಮಾಡುವುದು ಅವರ ಕೆಲಸ. ಅವರು 'ಸಾರ್ವಜನಿಕರ ಗಮನಕ್ಕೆ' ಅಂದರೆ ನಮ್ಮ ಕುಕ್ಕರು ಬಂದ ಸೀಟಿಯನ್ನು ನುಂಗಿಕೊಳ್ಳುತ್ತಿತ್ತು, ಅತ್ತ ಆವರಗೆರೆಯ ಎಮ್ಮೆಗಳು ಮೆಲುಕು ನಿಲ್ಲಿಸುತ್ತಿದ್ದವು. ಅವರದೊಂದು ಕಟ್ಟುನಿಟ್ಟಿತ್ತು. ಸೀರೆ ಅಂಗಡಿ, ಚಪ್ಪಲಿ ಅಂಗಡಿಯ ಜಾಹೀರಾತಾದರೆ ಮೊದಲು ಒಂದು ಹಾಡು. ನೀರು, ಕರೆಂಟು, ಕಳೆದುಹೋದ ಮಗು ಇಂಥದ್ದಕ್ಕೆ ಹಾಡಿಲ್ಲ, ಬರೀ ದನಿ. ಹಾಡು ಕೇಳಿದರೆ ಜನ ಮಗ್ಗಲು ಬದಲಿಸುತ್ತಿದ್ದರು. ಹಾಡಿಲ್ಲದಿದ್ದರೆ ಎದ್ದು ಓಡಿ ಬರುತ್ತಿದ್ದರು.

ನಾನು ಐದನೇ ಕ್ಲಾಸಿನಲ್ಲಿದ್ದಾಗಿನ ಬೇಸಿಗೆ. ನಮ್ಮಲ್ಲಿ ಮಾರದೆ ಉಳಿದ ಬಕೆಟ್ಟುಗಳು ಎಷ್ಟಿದ್ದವೆಂದರೆ, ಮನೆಯಲ್ಲಿ ಅವನ್ನೇ ಬೋರಲು ಹಾಕಿ ಕೂತು ಉಣ್ಣುತ್ತಿದ್ದೆವು. ಅಪ್ಪ ಚಾಚಾರನ್ನು ಕರೆಸಿದ. ನಾಳೆಯಿಂದ ನೀರು ಬರುವುದು ಖಾತ್ರಿ ಇಲ್ಲ, ಇವತ್ತೇ ತುಂಬಿಸಿಕೊಳ್ಳಿ, ಡ್ರಮ್ಮಿಗೆ ನಮ್ಮ ಅಂಗಡಿಗೆ ಬನ್ನಿ ಎಂದು ಕೂಗಬೇಕು, ಹಾಡು ಮಾತ್ರ ಹಾಕಬಾರದು ಅಂದ. ಸುಳ್ಳು ಕೂಗಲಾರೆ ಎಂದು ಚಾಚಾ ಹಿಂದೇಟು ಹಾಕಿದರು. ಅಪ್ಪ ಬಿಡಲಿಲ್ಲ.

"ಇದ್ರಾಗ ಸುಳ್ಳೇನೈತ್ರಿ ಸಾಹೇಬ್ರೆ? ಈ ಊರಾಗ ನೀರು ಯಾವತ್ತು ಖಾತ್ರಿ ಐತೆ?"

ಮನೆಯ ಓನರು ಹೇಳಿದ ಮೇಲೆ ಬಾಡಿಗೆಯವರು ಏನು ಮಾಡಿಯಾರು... ಕೂಗಿದರು. ಮಧ್ಯಾಹ್ನದೊಳಗೆ ನಮ್ಮ ಅಂಗಡಿಯಲ್ಲಿ ಒಂದು ಮಗ್ಗೂ ಉಳಿಯಲಿಲ್ಲ. ಒಬ್ಬಾಕೆ ಡ್ರಮ್ಮಿನೊಳಗೆ ಗಂಡನನ್ನೂ ಹಾಕಿಕೊಂಡು ಉರುಳಿಸುತ್ತ ಹೋದಳು, ಬೇಕಾದರೆ ಆಣೆ ಮಾಡುತ್ತೇನೆ. ಮರುದಿನ ನಲ್ಲಿಯಲ್ಲಿ ನೀರು ಧೋ ಎಂದು ಬಂತು. ಜನ ಅಂಗಡಿಗೆ ಜಗಳಕ್ಕೆ ಬಂದಾಗ ಅಪ್ಪ, ನಾನು ಡ್ರಮ್ಮಿನ ಮಾತಷ್ಟೇ ಹೇಳಿಕೊಟ್ಟಿದ್ದು, ನೀರಿನ ಮಾತು ಆ ಮನುಷ್ಯನೇ ಸೇರಿಸಿದ್ದು ಅಂದುಬಿಟ್ಟ.

ಕೆಲವೇ ದಿನಗಳಲ್ಲಿ ಹರಿಹರದ ಕಡೆಯಿಂದ ನೀರು ತರುವ ದೊಡ್ಡ ಪೈಪು ನಿಜವಾಗಿಯೂ ಒಡೆಯಿತು. ಚಾಚಾ ಹಾಡಿಲ್ಲದೆ ಬಂದರು, ಟ್ಯಾಂಕಿನಲ್ಲಿದ್ದಷ್ಟು ನೀರು ಮುಗಿಯುವ ಮೊದಲು ತುಂಬಿಸಿಕೊಳ್ಳಿ ಎಂದರು. ಕಟ್ಟೆಯ ಮೇಲಿದ್ದ ಹೆಂಗಸರು ಅಲುಗಾಡಲಿಲ್ಲ.

"ಈ ಸಲ ಏನ್ ಮಾರಾಕ ಬಂದೀರಿ, ಚೊಂಬಾ?" ಎಂದಳು ಎದುರುಮನೆ ಅಜ್ಜಿ.

ಎಲ್ಲರೂ ನಕ್ಕರು. ನನ್ನ ನಗು ಹರಿಹರಕ್ಕೆ ಕೇಳಿಸಿರಬೇಕು. ಚಾಚಾ ಮೈಕು ಕೆಳಗಿಟ್ಟು ಮನೆಮನೆಯ ಬಾಗಿಲು ತಟ್ಟಿದರು, ಕೈಮುಗಿದರು, ದನಿ ಒಡೆದು ಬರೀ ಗಾಳಿ ಬರುವವರೆಗೆ ಹೇಳಿದರು. ಯಾರೂ ಕೊಡ ಎತ್ತಲಿಲ್ಲ. ನೀರು ನಿಂತಿತು. ಅಜ್ಜಿಯ ಮನೆಯಲ್ಲಿ ಬಾಣಂತಿ ಇದ್ದಳು. ಬಾಟಲಿ ನೀರು ತಂದು ಕೂಸಿನ ಮೈ ಒರೆಸಿದರು. ಇದರಲ್ಲಿ ನಾನು ಏನನ್ನೂ ಸೇರಿಸಿಲ್ಲ.

ಆಮೇಲೆ ನೀರಿನ ಆಫೀಸಿನವರು ಸಾರುವುದಕ್ಕೆ ಬೇರೆ ಆಟೋ ಹಿಡಿದರು. ಅಂಗಡಿಯವರೂ ಚಾಚಾರನ್ನು ಕರೆಯುವುದು ಬಿಟ್ಟರು. ಅವರು ದಿನವಿಡೀ ಆಟೋದಲ್ಲಿ ಸುಮ್ಮನೆ ಕೂತಿರುತ್ತಿದ್ದರು...

ಒಂದು ಸಂಜೆ ಆಟೋವನ್ನು ನಮ್ಮ ಬಾಗಿಲಿಗೆ ನಿಲ್ಲಿಸಿ, ಮೈಕಿನ ವೈರು ಎಳೆದುಕೊಂಡು ಪಡಸಾಲೆಗೇ ಬಂದರು. ಅಪ್ಪ ಇರಲಿಲ್ಲ. ಅವ್ವನ ಮುಂದೆ ನೆಲದ ಮೇಲೆ ಕೂತುಬಿಟ್ಟರು.

"ಒಂದ್ ಮಾತು ಸಾಕವ್ವಾ. ನೀರಿನ ಮಾತು ನಾನೇ ಹೇಳ್ಸಿದ್ದು ಅಂತ ಸಾವ್ಕಾರ್ರು ಇದ್ರಾಗ ಹೇಳ್ಲಿ. ಈ ದನಿ ಬಿಟ್ರೆ ನನ್ನತ್ರ ಏನೈತೆ?"

ಮೈಕು ಕಣ್ಣೆದುರಿಗಿದ್ದರೆ ನಾನು ಬಿಡುವವನೇ? ಕಸಿದುಕೊಂಡು ಎದ್ದು ನಿಂತು, ಸಾರ್ವಜನಿಕರ ಗಮನಕ್ಕೆ ಅಂದೆ. ಓಣಿಗೆ ಓಣಿಯೇ ತಿರುಗಿತು. ಅಜ್ಜಿ ಕಟ್ಟೆಯಿಂದ ಎದ್ದಳು. ಚಾಚಾ ನನ್ನ ಬಾಯನ್ನೇ ನೋಡುತ್ತಿದ್ದರು, ಅವರ ತುಟಿಯೂ ನನ್ನ ಜೊತೆ ಆಡುತ್ತಿತ್ತು. ಮೊನ್ನೆ ನೀರಿನ ಸುಳ್ಳು ಹೇಳಿಸಿದ್ದು, ಎಂದು ಶುರುಮಾಡಿದೆ...

ಅಪ್ಪ ಒಳಗೆ ಬಂದ. ವೈರು ಕಿತ್ತ.

"ಸುತ್ಕೊಳ್ರಿ ಸಾಹೇಬ್ರೆ. ಮನೀನೂ ಖಾಲಿ ಮಾಡ್ರಿ."

ಚಾಚಾ ಒಂದೂ ಗಂಟು ಬೀಳದ ಹಾಗೆ ವೈರು ಸುತ್ತಿಕೊಂಡು ಹೋದರು. ಹರಿಹರದ ಮಗಳ ಮನೆಯಲ್ಲಿ ತೀರಿಕೊಂಡರಂತೆ, ಹೋದ ವರ್ಷ. ನಮಗೆ ಯಾರೂ ಹೇಳಿ ಕಳಿಸಲಿಲ್ಲ. ಈಗಿನ ಆಟೋಗಳಲ್ಲಿ ರೆಕಾರ್ಡು ಮಾಡಿದ ಯಾರದೋ ದನಿ. ಹಾಡಿದ್ದರೂ ಇಲ್ಲದಿದ್ದರೂ ನಮ್ಮ ಓಣಿಯಲ್ಲಿ ಒಬ್ಬರೂ ತಲೆ ಎತ್ತುವುದಿಲ್ಲ. ಅವತ್ತು ನನ್ನ ಬಾಯಲ್ಲಿ ಅರ್ಧಕ್ಕೆ ನಿಂತದ್ದು ಒಂದೇ ಪದ, ಇವತ್ತು ಹೇಳುತ್ತೇನೆ. ನಮ್ಮಪ್ಪ, ಚಾಚಾ.