ಗಂಗೂ ಅತ್ತೆ ಸಬ್‌ಮಿಸಿವ್ ಆದದ್ದು

ಅರಿಶಿಣ ಹಚ್ಚಿದ ಹಸಿ ಅಕ್ಕಿಯ ವಾಸನೆ ಬಂದರೆ ಸಾಕು, ಇವತ್ತಿಗೂ ನಾನು ಎದ್ದು ಆಚೆ ಹೋಗುತ್ತೇನೆ. ಮೆಹದಿಪಟ್ಟಣದ ನಮ್ಮ ಬಾಡಿಗೆ ಮನೆ ಈಗಿಲ್ಲ. ಆ ಮನೆಯ ಜೀವವೇ ಗಂಗೂ ಅತ್ತೆ, ಅಪ್ಪನ ತಂಗಿ. ನಿಮ್ಮ ಮನೆಯಲ್ಲೂ ಅಂಥವಳೊಬ್ಬಳು ಇದ್ದಿರಬೇಕು: ನಕ್ಕರೆ ಓಣಿಯ ತುದಿಗೆ ಕೇಳಬೇಕು, ಸಿಟ್ಟಾದರೆ ಅಡಿಗೆಮನೆಯ ಭಾಂಡೆ-ಪಾತ್ರೆ ಸದ್ದು ಮಾಡಬೇಕು. ಸುಲ್ತಾನ್ ಬಜಾರಿನಲ್ಲಿ ಒಂದು ಕೈಯಲ್ಲಿ ನನ್ನನ್ನು ಹಿಡಿದುಕೊಂಡೇ, "ಲೂಟ್ ರೇ ಕ್ಯಾ ಭಾಯ್?" ಎಂದು ಸೀರೆ ಅಂಗಡಿಯವನ ಮೇಲೆ ಏರಿ ಹೋಗುತ್ತಿದ್ದಳು. ಅವನೂ ನಗುತ್ತಾ ರೇಟು ಇಳಿಸುತ್ತಿದ್ದ.

ಅವಳನ್ನು ನೋಡಲು ಬಂದ ಗಂಡಿನವರ ಮುಂದೆ ಅಪ್ಪ, "ಹುಡುಗಿ ಭಾಳ ಸಬ್‌ಮಿಸಿವ್ ಅದಾಳ್ರಿ" ಎಂದ. ಅವರು ಹೋದ ಮೇಲೆ ಹಾಗಂದರೇನು ಎಂದು ಕೇಳಿದೆ. "ಎದುರು ಮಾತಾಡದಾಕಿ. ಏನಂದ್ರೂ ತಲಿ ಬಗ್ಗಸಾಕಿ" ಎಂದ. ಅಡಿಗೆಮನೆಯಿಂದ ಅತ್ತೆ, "ಯಾರಪಾ ಆಕಿ? ನಂಗೂ ಒಮ್ಮೆ ತೋರ್ಸು!" ಎಂದು ಕೂಗಿದಳು. ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಮುಂದೆ ಶಾಲೆಯಲ್ಲಿ ಆ ಸುಡುಗಾಡು ಪದಕ್ಕೆ ‘ವಿಧೇಯ’ ಎಂದು ಅರ್ಥ ಬರೆದು ಮಾರ್ಕ್ಸು ತಗೊಂಡೆ. ಅರ್ಥ ಅಷ್ಟೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು!

ನಮ್ಮ ಕಡೆ ಮದುವೆಯಲ್ಲಿ ಹೆಣ್ಣಿನ ಹೆಸರು ಬದಲಿಸುತ್ತಾರೆ. ತಾಟಿನಲ್ಲಿ ಹರವಿದ ಅರಿಶಿಣದ ಅಕ್ಕಿಯ ಮೇಲೆ ಮದುಮಗ, ಅಂದರೆ ನಮ್ಮ ಮಾವ, ಉಂಗುರದಿಂದ ‘ವೈಶಾಲಿ’ ಎಂದು ಬರೆದರು. "ನಂಗ ಗಂಗಾ ಅಂತನ ಇರ್ಲಿರಿ" ಎಂದಳು ಅತ್ತೆ. ಅಪ್ಪ ಬಗ್ಗಿ, "ನನ್ನ ಮಾನ ಕಳೀಬ್ಯಾಡವಾ" ಎಂದ. ಅವಳು ತಲೆ ಬಗ್ಗಿಸಿದಳು. ಅವತ್ತು ಅಪ್ಪನ ಮೇಲೆ ಬಂದ ಸಿಟ್ಟು ನನಗಿನ್ನೂ ಹೋಗಿಲ್ಲ.

ಉಪ್ಪಲ್‌ನ ಅವಳ ಮನೆಗೆ ಹೋದಾಗಲೆಲ್ಲ ಅತ್ತೆಯ ದನಿ ಇನ್ನಷ್ಟು ಇಳಿದಿರುತ್ತಿತ್ತು. ಮಾವ ಬೈದವರಲ್ಲ, ಹೊಡೆದವರಲ್ಲ. ಊಟ ಆಯ್ತೇನು ಎಂದು ನಾವು ಅವಳನ್ನು ಕೇಳಿದರೂ ಉತ್ತರ ಮಾತ್ರ ಅವರೇ ಕೊಡುತ್ತಿದ್ದರು. ನಾನೊಬ್ಬಳೇ ಹಟ ಹಿಡಿದು ಗಂಗೂ ಅತ್ತೆ ಎಂದೇ ಕರೆಯುತ್ತಿದ್ದೆ. ಹಾಗೆ ಕರೆದರೆ ಒಂದಿನ ಆ ಹಳೆಯ ಅತ್ತೆ ಎದ್ದು ಬಂದಾಳು ಎಂಬ ಹುಚ್ಚು ಆಸೆ.

ಹೋದ ವರ್ಷ ಆಸ್ಪತ್ರೆಯಲ್ಲಿ ಅವಳು ಎಚ್ಚರವಿಲ್ಲದೆ ಮಲಗಿದ್ದಳು. ಮಾತಾಡಿಸುತ್ತಾ ಇರಿ, ಕೇಳಿಸಲೂಬಹುದು ಎಂದರು ನರ್ಸು. "ಗಂಗೂ ಅತ್ತೆ" ಎಂದೆ. ಕೆನ್ನೆ ಸವರಿ, ಕಿವಿಗೆ ಬಾಯಿ ಹಚ್ಚಿ ಮತ್ತೆ ಮತ್ತೆ ಕರೆದೆ. ರೆಪ್ಪೆಯೂ ಅಲುಗಲಿಲ್ಲ. ಅಷ್ಟರಲ್ಲಿ ಮಾವ ಒಳಗೆ ಬಂದು, "ವೈಶಾಲಿ" ಎಂದರು.

ಕಣ್ಣು ಮುಚ್ಚಿಕೊಂಡೇ ಅತ್ತೆ, "ಬಂದ್ನಿರಿ" ಎಂದು ಹಾಸಿಗೆಯಿಂದ ಏಳಲು ನೋಡಿದಳು.