ದೋಷವಿಲ್ಲ ಎಂದವನು

ಔಷಧದ ಅಂಗಡಿಗೂ ಹೊಲಿಗೆಯವನ ಅಂಗಡಿಗೂ ನಡುವೆ ಆತನದೊಂದು ಕಂಪ್ಯೂಟರ್ ರಿಪೇರಿಯ ಗೂಡು. ಇಬ್ಬರು ಗಿರಾಕಿಗಳು ಬಂದರೆ ಮೂರನೆಯವನು ರಸ್ತೆಯಲ್ಲೇ ನಿಲ್ಲಬೇಕು. ಆಸುಪಾಸಿನವರು ಆತನಿಗೆ ‘ತಂದ್ಬಿಡಿ’ ಎಂದು ಹೆಸರಿಟ್ಟಿದ್ದರು, ಬೆನ್ನ ಹಿಂದೆ. ಕಂಪ್ಯೂಟರ್ ಕೆಟ್ಟಿದೆ, ಒಂದು ಸಲ ಮನೆಗೆ ಬಂದು ನೋಡಿ ಎಂದು ಯಾರು ಫೋನ್ ಮಾಡಿದರೂ ಆತನ ಬಾಯಿಂದ ಬರುತ್ತಿದ್ದುದು ಅದೊಂದೇ ಮಾತು. ಕೈಗೂಸಿನ ತಾಯಿಯಾಗಲಿ, ಊರುಗೋಲು ಹಿಡಿದವರಾಗಲಿ, ತಂದ್ಬಿಡಿ.

ಜನ ಇದನ್ನು ಸೊಕ್ಕು ಅಂದುಕೊಂಡಿದ್ದರು. ಸೊಕ್ಕಲ್ಲ. ಇಪ್ಪತ್ತೆರಡರ ವಯಸ್ಸಿನಲ್ಲಿ ಆತ ಮನೆಮನೆಗೆ ಹೋಗಿ ರೇಡಿಯೊ ರಿಪೇರಿ ಮಾಡುತ್ತಿದ್ದ. ದೊಡ್ಡವರೊಬ್ಬರ ಮನೆಯಲ್ಲಿ ಕೈಗಡಿಯಾರ ಕಾಣೆಯಾಯಿತು. ಆತನ ಚೀಲವನ್ನು ನೆಲಕ್ಕೆ ಸುರಿದರು, ಜೇಬು ತಡಕಿದರು, ಚಪ್ಪಲಿ ಬಿಡಿಸಿ ನೋಡಿದರು. ಗಡಿಯಾರ ಮಾರನೆಯ ದಿನ ಅವರ ಬಚ್ಚಲಿನ ಕಿಟಕಿಯಲ್ಲೇ ಇತ್ತಂತೆ. ಸಿಕ್ಕಿತು ಎಂದು ಹೇಳಿಕಳಿಸುವಷ್ಟು ನಾಲಿಗೆಯೂ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಹಾಲಿನವನಿಂದ ತಿಳಿಯಿತು. ಮನೆಯ ವಸ್ತುವನ್ನು ಬಿಚ್ಚಿ ಹರಡಲು ಯಾವ ಕೈಗೆ ಕೊಡುತ್ತೇವೋ ಆ ಕೈಯನ್ನೇ ಮೊದಲು ಅನುಮಾನಿಸುವುದು ಮರ್ಯಾದಸ್ಥರ ಹಳೆಯ ಚಾಳಿ. ರೇಡಿಯೊ ಹೋಗಿ ಟೀವಿ ಬಂತು, ಟೀವಿ ಹೋಗಿ ಕಂಪ್ಯೂಟರ್ ಬಂತು. ರದ್ದಿ ಅಂಗಡಿಯಿಂದ ಪುಸ್ತಕ ತಂದು ಓದಿ ಎಲ್ಲವನ್ನೂ ತಾನೇ ಕಲಿತ. ಗಿರಾಕಿಯ ಹೊಸಿಲನ್ನು ಮಾತ್ರ ಮೂವತ್ತು ವರ್ಷದಲ್ಲಿ ಮತ್ತೆ ತುಳಿದಿರಲಿಲ್ಲ.

ಹೀಗಿರುವಾಗ ಟೈಪಿಂಗ್ ಮಾಡುವ ಹೆಂಗಸೊಬ್ಬಳು ಬಸ್ಸಿನಲ್ಲಿ ಕಂಪ್ಯೂಟರಿನ ಪೆಟ್ಟಿಗೆಯನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದಳು. ಯಾರ್ಯಾರೋ ಸಭೆಗಳಲ್ಲಿ ಆಡಿದ ಮಾತಿನ ಧ್ವನಿಮುದ್ರಣ ಕಚೇರಿಯಿಂದ ಬರುತ್ತಿತ್ತು. ಅದನ್ನು ಕೇಳಿ ಅಕ್ಷರಕ್ಕಿಳಿಸಿ ಸಂಜೆ ಐದರೊಳಗೆ ಕಳಿಸುವುದು ಆಕೆಯ ಕೆಲಸ.

“ಮುಕ್ಕಾಲು ಗಂಟೆ ಚೆನ್ನಾಗಿ ನಡೆಯುತ್ತೆ. ಆಮೇಲೆ ದಡಕ್ಕಂತ ಆರಿಹೋಗುತ್ತೆ,” ಎಂದಳು.

ಆತ ಅದನ್ನು ಮೇಜಿನ ಮೇಲಿಟ್ಟು ಎರಡು ದಿನ ಓಡಿಸಿದ. ಕೆಮ್ಮಲೂ ಇಲ್ಲ. ಮೆಮೊರಿಯನ್ನು ಕಿತ್ತು ಒರೆಸಿ ಹಾಕಿ ಕಳಿಸಿದ. ವಾರದಲ್ಲಿ ಪೆಟ್ಟಿಗೆ ವಾಪಸು ಬಂತು. ವಿಂಡೋಸ್ ಹೊಸದಾಗಿ ಹಾಕಿದ, ಮತ್ತೆರಡು ದಿನ ಓಡಿಸಿದ. ಗುಂಡುಕಲ್ಲಿನಂತಿತ್ತು. ಮನೆಗೆ ಹೋದ ದಿನವೇ ಮತ್ತೆ ಆರಿತು.

ಮೂರನೇ ಸಲ ಬಂದಾಗ ಆಕೆ ನಗಲು ನೋಡಿದಳು. “ತವರಿಗೆ ಬಂದ್ರೆ ಉಂಡಾಡಿಕೊಂಡಿರುತ್ತೆ ಸಾರ್. ಅತ್ತೆ ಮನೆಗೆ ಹೋದ್ರೆ ಜ್ವರ.”

ಪಕ್ಕದ ಹೊಲಿಗೆಯವನು ನಕ್ಕ. ಆತ ನಗಲಿಲ್ಲ. ಎರಡು ಸಲ ಸೋತ ಕಸುಬುದಾರನಿಗೆ ನಗು ಬರುವುದಿಲ್ಲ, ಬೇರೆಯವರ ತಪ್ಪು ಕಾಣತೊಡಗುತ್ತದೆ. ಅದೇ ಹೊತ್ತಿಗೆ ಆಕೆಯ ಕಚೇರಿಯ ಮೇಲ್ವಿಚಾರಕಿ ಆತನಿಗೆ ಫೋನ್ ಮಾಡಿದಳು. ಯಂತ್ರ ಕೆಟ್ಟಿದೆ ಅನ್ನುವುದು ನಿಜವೋ, ಕೆಲಸ ತಡಮಾಡಲು ಹೂಡಿದ ನೆಪವೋ ಎಂದು ತಿಳಿಯಬೇಕಿತ್ತು ಅವಳಿಗೆ.

“ಯಂತ್ರದಲ್ಲಿ ದೋಷ ಇಲ್ಲ ಮೇಡಂ. ಬಳಸೋರದೇ ಏನೋ,” ಅಂದುಬಿಟ್ಟ. ಫೋನಿಟ್ಟು ತಿರುಪು ಬಿಚ್ಚಲು ಕುಳಿತ. ಮಾತು ಮರೆತೂ ಹೋಯಿತು. ಪೆಟ್ಟಿಗೆಯನ್ನು ಮೂರನೇ ಸಲವೂ ಮನೆಗೆ ಕಳಿಸಿದ.

ಶುಕ್ರವಾರ ಬೆಳಿಗ್ಗೆ ಆಕೆ ಬರಿಗೈಯಲ್ಲಿ ಬಂದಳು. ಕೂರಲಿಲ್ಲ.

“ನಮ್ಮ ಮೇಡಮ್ಮಿಗೆ ಏನು ಹೇಳಿದ್ರಿ?”

“ಇದ್ದದ್ದು ಹೇಳಿದೆ.”

“ನಾನು ಸುಳ್ಳುಗಾತಿ ಅಂತಾಯ್ತು. ಇವತ್ತು ಐದು ಗಂಟೆಗೆ ಕೆಲಸ ಮುಟ್ಟದೇ ಇದ್ರೆ ನನ್ನ ಹೆಸರು ತೆಗೀತಾರಂತೆ. ಯಂತ್ರ ಈಗಲೂ ಆರ್ತಾ ಇದೆ. ಕೆಟ್ಟಿಲ್ಲ ಅಂತ ನೀವೇ ಹೇಳಿರೋವಾಗ ಕೆಟ್ಟಿದೆ ಅಂತ ನಾನು ಯಾರ ಮುಂದೆ ಹೇಳಲಿ?”

ಜಗಳಕ್ಕೆ ಬಂದವಳ ದನಿಯಲ್ಲ ಅದು. ಲೆಕ್ಕ ತಪ್ಪಿದೆ ಎಂದು ತೋರಿಸುವವಳ ದನಿ. ಆತನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ನಿಂತಿತು. ನೋಡದೆ ಕೇಳದೆ ಇನ್ನೊಬ್ಬರ ಜೇಬಿಗೆ ಕೈ ಹಾಕುವವರು ದೊಡ್ಡ ಮನೆಯಲ್ಲೇ ಇರಬೇಕೆಂದಿಲ್ಲ. ಆತ ಶಟರ್ ಎಳೆದ. “ನಡೀರಿ,” ಅಂದ.

“ಎಲ್ಲಿಗೆ?”

“ನಿಮ್ಮನೆಗೆ.”

ಹೊಲಿಗೆಯವನು ಸೂಜಿಯಿಂದ ಕಣ್ಣೆತ್ತಿ, “ಸೂರ್ಯ ಯಾವ ಕಡೆ ಹುಟ್ಟಿದಾನೆ ಇವತ್ತು,” ಅಂದ.

ಮೂರನೇ ಮಹಡಿಯಲ್ಲಿ ಎರಡು ಕೋಣೆಯ ಮನೆ. ಗಂಡ ಗೋದಾಮಿನ ಪಾಳಿಗೆ ಹೋಗಿದ್ದ. ಒಳಗೆ ಮಾವ ಕುರ್ಚಿಯಲ್ಲಿ ಕೂತಿದ್ದ. ಐವತ್ತು ವರ್ಷ ಬಡಗಿ ಕೆಲಸ ಮಾಡಿದವನು, ಈಗ ಬಲಗೈ ತನ್ನಷ್ಟಕ್ಕೆ ನಡುಗುತ್ತಿತ್ತು. ಕಿಟಕಿಯ ಪಕ್ಕ ಮಾವ ಸೊಸೆಗೆಂದೇ ಮಾಡಿದ ಮೇಜು. ಮೇಲೆ ಪರದೆ, ಕೀಲಿಮಣೆ. ಕೆಳಗೊಂದು ಕಪಾಟು, ಪೆಟ್ಟಿಗೆ ಅದರೊಳಗೆ. ವೈರು ಹೊರಬರಲು ಕೊರೆದ ತೂತಿಗೂ ಬಟ್ಟೆ ತುರುಕಿದ್ದರು.

“ದಿನಾ ಹೇಗೆ ಮಾಡ್ತೀರೋ ಹಾಗೇ ಮಾಡಿ. ನಾನಿಲ್ಲ ಅಂದ್ಕೊಳ್ಳಿ,” ಎಂದು ಆತ ಸ್ಟೂಲಿನ ಮೇಲೆ ಕುಳಿತ.

ಆಕೆ ಗುಂಡಿ ಒತ್ತಿ ಕಪಾಟು ಮುಚ್ಚಿದಳು, ಹೆಡ್‌ಫೋನ್ ಹಾಕಿಕೊಂಡು ಟೈಪು ಮಾಡತೊಡಗಿದಳು. ಅರ್ಧ ಗಂಟೆಯಾಗುವಾಗ ಮರದ ಹಿಂದಿನಿಂದ ಫ್ಯಾನಿನ ಸದ್ದು ಏರಿತು. ದಮ್ಮು ಕಟ್ಟಿದವನು ಮೆಟ್ಟಿಲು ಹತ್ತುವಂಥ ಸದ್ದು. ಆತನಿಗೆ ಆಗಲೇ ತಿಳಿಯಿತು. ಆದರೂ ಕಾದ. ಇನ್ನು ಹತ್ತು ನಿಮಿಷಕ್ಕೆ ಪರದೆ ಕಪ್ಪಾಯಿತು.

ಕಪಾಟು ತೆಗೆದು ಕೈ ಒಳಗಿಟ್ಟ. ಒಲೆ ಆರಿಸಿದ ಮೇಲೂ ಉಳಿಯುವಂಥ ಬಿಸಿ.

“ಯಜಮಾನ್ರೇ, ಇದಕ್ಕೆ ಗಾಳಿ ಎಲ್ಲಿಂದ ಬರುತ್ತೆ?”

“ಗಾಳಿ ಬಂದ್ರೆ ಧೂಳು ಬರುತ್ತೆ. ಧೂಳು ಹೊಕ್ರೆ ಯಂತ್ರ ಕೆಡುತ್ತೆ. ನಾನು ಕೂರಿಸಿದ ಬಾಗಿಲಲ್ಲಿ ತಲೆಗೂದಲೂ ತೂರಲ್ಲ.”

“ಅದೇ ಆಗಿರೋದು. ಉಸಿರು ಕಟ್ಟಿ, ಸುಟ್ಟುಹೋಗಬಾರದು ಅಂತ ತಾನೇ ಆರಿಸ್ಕೊಳ್ತಿದೆ.”

ಮುದುಕ ಸೊಸೆಯನ್ನು ನೋಡಿದ. ಆಕೆ ಕೀಲಿಮಣೆ ನೋಡುತ್ತಿದ್ದಳು. ಸೆಕೆಗೆಂದು ಆಕೆ ಒಂದೆರಡು ಸಲ ಆ ಬಾಗಿಲು ತೆರೆದಿಟ್ಟಿದ್ದುಂಟು. ಮಾವ ಮಾತಾಡದೆ ಎದ್ದು ಬಂದು ಮುಚ್ಚಿ ಹೋಗುತ್ತಿದ್ದ. ಕೈ ನಡುಗಲು ಶುರುವಾಗುವ ಮೊದಲು ಮುದುಕ ಮಾಡಿದ ಕೊನೆಯ ಸಾಮಾನು ಅದು. ಹಾಗಾಗಿ ಆಕೆಯೂ ತೆರೆಯುವುದನ್ನು ಬಿಟ್ಟಿದ್ದಳು. ಒಳ್ಳೆಯವರ ಮನೆಯಲ್ಲಿ ಎಷ್ಟೋ ಕೇಡು ಹೀಗೇ ಬೆಳೆಯುತ್ತದೆ, ಒಬ್ಬರ ಮನಸ್ಸು ನೋಯಬಾರದೆಂದು ಇನ್ನೊಬ್ಬರು ಬಾಯಿ ಮುಚ್ಚಿಕೊಂಡು.

“ಮೂರು ಸಲ ನಿಮ್ಮ ಹತ್ರ ಹೊತ್ಕೊಂಡು ಬಂದಿದಾಳೆ ನನ್ನ ಸೊಸೆ. ಆಗ ಹೊಳೀಲಿಲ್ವೇ ಇದು?” ಎಂದ ಮುದುಕ.

“ಎಲ್ಲಿಟ್ಟಿದೀರಿ ಅಂತ ಕೇಳಲಿಲ್ಲ.”

“ಕೇಳದೇನೇ ಅವಳ ತಪ್ಪು ಅಂದ್ರಿ.”

“ಅಂದೆ.”

ಮುದುಕ ಎದ್ದು ಬಂದು ತನ್ನ ಕೈಯನ್ನೂ ಕಪಾಟಿನೊಳಗಿಟ್ಟ. ಸ್ವಲ್ಪ ಹೊತ್ತು ತೆಗೆಯಲಿಲ್ಲ. “ಹಸಿ ಹಲಗೆ ಒಣಗಿಸೋ ಗೂಡೂ ಇಷ್ಟು ಕಾಯಲ್ಲ,” ಅಂದ. ಆಮೇಲೆ ಆತನ ಮುಂದೆ ಅಂಗೈ ಚಾಚಿದ. “ಸ್ಕ್ರೂಡ್ರೈವರ್ ಕೊಡಿ ಇಲ್ಲಿ.”

“ನಾನೇ ಬಿಚ್ತೀನಿ.”

“ನಿಮಗೆ ಕಂಪ್ಯೂಟರ್ ಬಿಚ್ಚಿ ಗೊತ್ತು. ಬಾಗಿಲು ಬೇರೆ.”

ಆಗ ಗಂಟೆ ಹನ್ನೆರಡೂವರೆ, ಕೆಲಸ ಇನ್ನೂ ನಾಲ್ಕು ಗಂಟೆಯಷ್ಟು ಬಾಕಿ. ಆತ ಪೆಟ್ಟಿಗೆಯನ್ನು ಎಳೆದು ಸ್ಟೂಲಿನ ಮೇಲಿಟ್ಟು ವೈರು ಜೋಡಿಸಿದ. ಆಕೆ ಮತ್ತೆ ಟೈಪಿಗೆ ಕುಳಿತಳು. ಮುದುಕ ನೆಲದಲ್ಲಿ ಕೂತು, ಎಡಗೈಯಿಂದ ಬಲಗೈ ಮಣಿಕಟ್ಟನ್ನು ಬಿಗಿಹಿಡಿದು, ಒಂದೊಂದೇ ತಿರುಪು ಬಿಚ್ಚಿದ. ಆರು ತಿರುಪಿಗೆ ಒಂದು ಗಂಟೆ ಹಿಡಿಯಿತು. ಯಾರೂ ಆತುರಪಡಿಸಲಿಲ್ಲ. ಕಳಚಿದ ಬಾಗಿಲನ್ನು ಗೋಡೆಗೆ ಒರಗಿಸಿ, ಕಪಾಟಿನ ಹಿಂದಿನ ಹಲಗೆಯನ್ನೂ ಬೆರಳಲ್ಲಿ ತಟ್ಟಿ ನೋಡಿ, “ಇದನ್ನ ನಾಳೆ ಕೊಯ್ತೀನಿ,” ಅಂದ.

ಅಷ್ಟರಲ್ಲಿ ಆತ ಮೇಲ್ವಿಚಾರಕಿಗೆ ಫೋನ್ ಮಾಡಿದ್ದ.

“ದೋಷ ಇಲ್ಲ ಅಂದಿದ್ದು ನೀವೇ ತಾನೆ?”

“ನಾನೇ. ನೋಡದೇ ಅಂದೆ.”

“ಈಗ ನೋಡಿ ಹೇಳ್ತಿದೀರೋ, ಅವರು ಹೇಳಿಕೊಟ್ಟಿದ್ದೋ?”

“ಅವರ ಮನೇಲಿ ಕೂತಿದೀನಿ ಮೇಡಂ. ನನ್ನೆದುರೇ ಆರಿತು. ಆಯಮ್ಮ ಹೇಳಿದ್ದೆಲ್ಲ ನಿಜ, ಸುಳ್ಳಾಗಿದ್ದು ನನ್ನ ಮಾತು.”

“ಕೆಲಸ ಐದು ಗಂಟೆಗೆ ಬರಲಿ. ಬಂದ ಮೇಲೆ ನೋಡೋಣ.”

ಆತ ಅಂಗಡಿಗೆ ಹೋಗಲಿಲ್ಲ. ಯಂತ್ರ ಇನ್ನೊಮ್ಮೆ ಆರಿದರೆ ಎದುರಿಗಿರಬೇಕೆಂದು ಅಲ್ಲೇ ಕುಳಿತ, ಆಗಾಗ ಪೆಟ್ಟಿಗೆಯ ಹಿಂಬದಿಗೆ ಕೈಯೊಡ್ಡಿ ಗಾಳಿ ನೋಡಿದ. ಆರಲಿಲ್ಲ. ಐದಕ್ಕೆ ಎಂಟು ನಿಮಿಷವಿರುವಾಗ ಆಕೆ ಕೆಲಸ ಕಳಿಸಿದಳು. ಐದೂ ಹತ್ತಕ್ಕೆ ಉತ್ತರ ಬಂತು: ಸೋಮವಾರದ ಧ್ವನಿಮುದ್ರಣ ಕಳಿಸಿದೆ, ಸಮಯಕ್ಕೆ ಮುಗಿಸಿ. ಅನುಮಾನಪಟ್ಟದ್ದಕ್ಕೆ ಒಂದಕ್ಷರವಿಲ್ಲ. ಕೆಲಸ ಉಳಿಯಿತಲ್ಲ, ಅದೇ ದೊಡ್ಡ ಉಪಕಾರವೆಂದು ಕಚೇರಿಗಳು ತಿಳಿದಿರುತ್ತವೆ.

ಆಕೆ ಹೆಡ್‌ಫೋನ್ ತೆಗೆಯದೆ ಸೋಮವಾರದ್ದನ್ನು ತೆರೆದು ಕೇಳತೊಡಗಿದಳು. ಆತ ಚೀಲ ಹೆಗಲಿಗೇರಿಸಿ ಆಕೆಯ ಹಿಂದೆ ನಿಂತ.

“ತಪ್ಪಾಯ್ತಮ್ಮ,” ಅಂದ.

ಆಕೆ ತಿರುಗಲಿಲ್ಲ. ಕೇಳಿಸಿರಲಿಕ್ಕಿಲ್ಲ. ಆತ ಹಾಗೇ ಇಳಿದುಹೋಗಬಹುದಿತ್ತು, ಹೇಳಿದ್ದಂತೂ ಆಗಿತ್ತು. ಹೋಗದೆ ನಿಂತ. ಆಕೆ ಹೆಡ್‌ಫೋನ್ ಕುತ್ತಿಗೆಗಿಳಿಸಿದ ಮೇಲೆ ಇನ್ನೊಮ್ಮೆ ಹೇಳಿದ, ಈ ಸಲ ಮುದುಕನಿಗೂ ಕೇಳುವಷ್ಟು ಗಟ್ಟಿಯಾಗಿ.

“ಮೊದಲ ಸಲವೇ ಕೇಳಿಸ್ತು ಸಾರ್,” ಎಂದಳು ಆಕೆ.